ಓದುಗರ ಪ್ರಶ್ನೆ: ಶಿಷ್ಯರಾಗಿ ಬಾಳುವುದು ಹೇಗೆ?

ದೀಕ್ಷಾಸ್ನಾನ ಆಗಿದೆ, ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಆದರೂ ನಮ್ಮ ಸಭಾಪಾಲಕರು ‘ವಿಶ್ವಾಸಿಗಳಾದರೆ ಸಾಲದು, ಶಿಷ್ಯರಾಗಿ’ ಎನ್ನುತ್ತಾರೆ. ಏನು ವ್ಯತ್ಯಾಸ?

ಹೊಸ ಒಡಂಬಡಿಕೆಯಲ್ಲಿ ವಿಶ್ವಾಸಿಗಳದ್ದೊಂದು ಸಾಲು, ಶಿಷ್ಯರದ್ದೊಂದು ಸಾಲು ಅಂತಿಲ್ಲ. ಅಂತಿಯೋಕ್ಯದಲ್ಲಿ ಮೊದಲ ಸಲ ಕ್ರೈಸ್ತರೆನಿಸಿಕೊಂಡವರು ಶಿಷ್ಯರೇ (ಅ. ಕೃತ್ಯಗಳು 11:26). ನಿಮ್ಮ ಸಭಾಪಾಲಕರ ಕಾಳಜಿ ಬೇರೆ ಇರಬೇಕು. ಯೇಸುವಿನ ಕೊನೆಯ ಆಜ್ಞೆಯಲ್ಲಿ ದೀಕ್ಷಾಸ್ನಾನದ ಬೆನ್ನಿಗೇ ಇನ್ನೊಂದು ಮಾತಿದೆ: ತಾನು ಆಜ್ಞಾಪಿಸಿದ್ದನ್ನೆಲ್ಲ ಪಾಲಿಸಲು ಅವರಿಗೆ ಕಲಿಸಿರಿ ಎಂದು (ಮತ್ತಾಯ 28:20). ಎಷ್ಟೋ ಜನರಿಗೆ ದೀಕ್ಷಾಸ್ನಾನವಾಗುತ್ತದೆ, ಈ ಕಲಿಕೆ ಮಾತ್ರ ಶುರುವೇ ಆಗುವುದಿಲ್ಲ.

ಮತ್ತಾಯ 5ರಿಂದ 7ರವರೆಗಿನ ಪರ್ವತ ಪ್ರಸಂಗವನ್ನು ಒಂದೇ ಸಲಕ್ಕೆ ಓದಿ. 111 ವಚನ, ಅರ್ಧ ಗಂಟೆಯೂ ಹಿಡಿಯದು. ಮಾಡು, ಮಾಡಬೇಡ ಎಂದಿರುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ, ವಾರಕ್ಕೊಂದನ್ನು ಹಿಡಿಯಿರಿ. ‘ಹೌದಾದರೆ ಹೌದು, ಅಲ್ಲವಾದರೆ ಅಲ್ಲ’ ಎಂಬ ಮಾತನ್ನು (5:37) ಹಿಡಿದ ವಾರ, ಮನೆಯಲ್ಲೇ ಕೂತು ಫೋನಿನಲ್ಲಿ ‘ಆಗಲೇ ಹೊರಟೆ’ ಎನ್ನುವುದು ನಿಲ್ಲಬೇಕು. ಎರಡು ದಿನದಲ್ಲೇ ಅದೆಷ್ಟು ಸಣ್ಣ ಸುಳ್ಳುಗಳ ಮೇಲೆ ದಿನ ಸಾಗುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಪ್ರಾರ್ಥಿಸುವುದಕ್ಕೆ ಆಗ ನಿಜವಾದ ವಿಷಯ ಸಿಗುತ್ತದೆ.

ಒಂದು ಎಚ್ಚರಿಕೆ. ಇದು ರಕ್ಷಣೆಗೆ ಕೊಡುವ ಬೆಲೆಯಲ್ಲ. ಲೇವಿಯನ್ನು ಯೇಸು ಕರೆದದ್ದು ಅವನಿನ್ನೂ ಸುಂಕದ ಕಟ್ಟೆಯಲ್ಲಿ ಕೂತಿದ್ದಾಗ (ಮಾರ್ಕ 2:14). ಕೃಪೆ ಮೊದಲು, ಸತ್ಕ್ರಿಯೆ ಆಮೇಲೆ. ಎಫೆಸದವರಿಗೆ 2:8-10ರಲ್ಲಿ ಆ ಕ್ರಮ ಸ್ಪಷ್ಟವಾಗಿದೆ. ಕ್ರಮ ತಿರುವುಮುರುವಾದರೆ ಗೆದ್ದ ದಿನ ಗರ್ವ, ಸೋತ ದಿನ ಹತಾಶೆ.

ಪ್ರತಿ ಸಲ ಆದಿಕಾಂಡದಿಂದ ಬೈಬಲ್ ಓದಲು ಹೊರಟು ಯಾಜಕಕಾಂಡದಲ್ಲಿ ನಿಂತುಬಿಡುತ್ತೇನೆ. ಏನು ಮಾಡಲಿ?

ನಿಮ್ಮ ಭಕ್ತಿಯಲ್ಲಿ ಕೊರತೆಯಿಲ್ಲ, ಯೋಜನೆಯಲ್ಲಿದೆ. ಕಥೆಯಾಗಿ ಓಡುತ್ತಿದ್ದದ್ದು ವಿಮೋಚನಕಾಂಡ 25ರಿಂದ ಗುಡಾರದ ಅಳತೆ, ಆಮೇಲೆ ಯಜ್ಞಗಳ ನಿಯಮವಾಗಿ ತಿರುಗುತ್ತದೆ. 66 ಪುಸ್ತಕಗಳ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ವರ್ಷಕ್ಕೆ ಮುಗಿಸಲು ದಿನಕ್ಕೆ ಮೂರು ನಾಲ್ಕು ಓದಬೇಕು. ಒಂದು ದಿನ ತಪ್ಪಿದರೆ ಮರುದಿನ ಏಳಾಗುತ್ತದೆ, ಅಲ್ಲಿಗೆ ಕೈಬಿಟ್ಟಂತೆಯೇ.

ಮಾರ್ಕನಿಂದ ಶುರುಮಾಡಿ, 16 ಅಧ್ಯಾಯ ಅಷ್ಟೇ. ದಿನಕ್ಕೆ ಒಂದು ಅಧ್ಯಾಯವಲ್ಲ, ಒಂದು ಪ್ರಸಂಗ ಸಾಕು. ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಎರಡು ನಿಮಿಷ ಸುಮ್ಮನೆ ಕೂತು, ಪ್ರಸಂಗವನ್ನು ಎರಡು ಸಲ ಓದಿ, ಎರಡನೆಯದು ಬಾಯಿಬಿಟ್ಟು. ಯೇಸು ಇಲ್ಲಿ ಏನು ಮಾಡಿದ, ನನ್ನಿಂದ ಇವತ್ತು ಏನು ಕೇಳುತ್ತಿದ್ದಾನೆ ಎಂದು ಯೋಚಿಸಿ ಒಂದೇ ವಾಕ್ಯ ಬರೆದುಕೊಳ್ಳಿ. ಆ ವಾಕ್ಯವನ್ನೇ ಪ್ರಾರ್ಥನೆ ಮಾಡಿ ಏಳಿ. ತಪ್ಪಿದ ದಿನದ ಬಾಕಿ ತೀರಿಸಲು ಹೋಗಬೇಡಿ, ಬಿಟ್ಟಲ್ಲಿಂದ ಮುಂದುವರಿಸಿ. ಪ್ರಾರ್ಥನೆಗೆ ಮಾತೇ ಹೊರಡದ ದಿನ ಕೀರ್ತನೆಗಳಿವೆ: ಒಟ್ಟು 150, ದಿನಕ್ಕೆ ಐದರಂತೆ ತಿಂಗಳಿಗೊಂದು ಸುತ್ತು.

ಆಸ್ತಿ ಪಾಲಿನ ವಿಷಯದಲ್ಲಿ ಅಣ್ಣನ ಜೊತೆ ಮಾತು ಬಿಟ್ಟು ವರ್ಷಗಳಾದವು. ಮನಸ್ಸಿನಲ್ಲೇ ಕ್ಷಮಿಸಿದ್ದೇನೆ. ಅಷ್ಟು ಸಾಲದೇ?

ಸಾಲದು. ಮತ್ತಾಯ 5:23-24ರಲ್ಲಿ, ಸಹೋದರನಿಗೆ ನಿಮ್ಮ ಮೇಲೆ ಏನೋ ದೂರಿದೆ ಎಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಅವನ ಹತ್ತಿರ ಹೋಗಬೇಕು. 18:15ರಲ್ಲಿ ತಪ್ಪು ಅವನದು, ಆಗಲೂ ಹೋಗಬೇಕಾದವರು ನೀವೇ. ತಪ್ಪು ಯಾರದೆಂದು ತೀರ್ಮಾನವಾಗಲಿ ಎಂದು ಕಾಯಲು ಎರಡೂ ಕಡೆ ಅವಕಾಶವಿಲ್ಲ.

ಹೋಗುವ ಮೊದಲು ಲೂಕ 12:13-15 ಓದಿ. ಅಲ್ಲಿ ಒಬ್ಬ ಇದೇ ದೂರು ತರುತ್ತಾನೆ: ಅಣ್ಣನಿಗೆ ಹೇಳಿ ಆಸ್ತಿಯಲ್ಲಿ ಪಾಲು ಕೊಡಿಸು ಎಂದು. ಯೇಸು ಪಾಲು ಹಂಚಲು ಒಪ್ಪದೆ ಲೋಭದ ಬಗ್ಗೆ ಎಚ್ಚರಿಸುತ್ತಾನೆ. ನಿಮ್ಮ ಲೆಕ್ಕ ನ್ಯಾಯವಾಗಿಯೇ ಇರಬಹುದು. ಆದರೂ ಆ ಎಚ್ಚರಿಕೆ ನಿಮ್ಮನ್ನೂ ತಟ್ಟಲಿ.

ಆಮೇಲೆ ಒಂದು ಹಾಳೆಯಲ್ಲಿ ಅಣ್ಣ ಮಾಡಿದ್ದನ್ನು ಬರೆಯಬೇಡಿ. ನೀವು ಮಾಡಿದ್ದನ್ನು ಮಾತ್ರ ಬರೆಯಿರಿ. ಒಬ್ಬರೇ ಹೋಗಿ. ಬಹಳಷ್ಟು ರಾಜಿ ಕೆಡುವುದು ಇಲ್ಲೇ: ನೆಂಟರಿಗೆಲ್ಲ ಹೇಳಿ ಮುಗಿದ ಮೇಲೆ ಕೊನೆಗೆ ಅಣ್ಣನ ಬಾಗಿಲಿಗೆ ಹೋಗುತ್ತೇವೆ. ಯೇಸು ಹೇಳಿದ ಕ್ರಮದಲ್ಲಿ ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳು, ಸಭೆ ಬರುವುದು ಕೊನೆಗೆ.

ಬಾಯಲ್ಲಿ ಬರುವ ಮಾತೂ ಮುಖ್ಯ. ‘ನಿನಗೆ ಬೇಜಾರಾಗಿದ್ದರೆ ಕ್ಷಮಿಸು’ ಎಂದರೆ ತಪ್ಪನ್ನು ಅವರ ಬೇಜಾರಿನ ಮೇಲೆ ಹೊರಿಸಿದಂತೆ. ‘ಕಾಗದಪತ್ರ ನಿನಗೆ ತೋರಿಸದೆ ಇಟ್ಟುಕೊಂಡೆ. ಅದು ತಪ್ಪು. ಕ್ಷಮಿಸು’ ಎನ್ನಿ, ಅಲ್ಲಿಗೇ ನಿಲ್ಲಿಸಿ. ‘ಆದರೆ’ ಎಂದು ಶುರುವಾಗುವ ಮುಂದಿನ ವಾಕ್ಯ ಎಲ್ಲವನ್ನೂ ಕೆಡಿಸುತ್ತದೆ. ಹಿಂದಿರುಗಿಸಬೇಕಾದದ್ದು ಇದ್ದರೆ ಹಿಂದಿರುಗಿಸಿ. ಮೋಸದಿಂದ ಪಡೆದದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆಂದು ಸುಂಕದವನಾದ ಜಕ್ಕಾಯ ಎದ್ದುನಿಂತು ಹೇಳಿದ (ಲೂಕ 19:8). ಪಾಲಿನ ಲೆಕ್ಕ ಉಳಿದರೆ ಇಬ್ಬರೂ ನಂಬುವ ಸಭೆಯ ಹಿರಿಯರೊಬ್ಬರ ಮುಂದಿಡಿ, ಪೌಲ ಹೇಳುವುದೂ ಅದನ್ನೇ. ‘ಅನ್ಯಾಯವನ್ನು ನೀವೇ ಯಾಕೆ ಸಹಿಸಬಾರದು?’ ಎಂದು ಪೌಲ ಕೇಳಿದ ಕಠಿಣ ಪ್ರಶ್ನೆಯೂ ಅಲ್ಲೇ ಇದೆ (1 ಕೊರಿಂಥದವರಿಗೆ 6:5-7). ಅದಕ್ಕೆ ಉತ್ತರ ನೀವೇ ಕೊಡಬೇಕು. ನೆಂಟರು ನಿಮ್ಮ ಮೇಲೆ ಹೇರುವ ತ್ಯಾಗ ಅದಲ್ಲ.

ಅಣ್ಣ ಬಾಗಿಲು ತೆರೆಯದೇ ಇರಬಹುದು. ‘ನಿಮ್ಮಿಂದ ಆಗುವ ಮಟ್ಟಿಗೆ’ ಸಮಾಧಾನದಿಂದಿರಿ ಎನ್ನುತ್ತದೆ ರೋಮಾಪುರದವರಿಗೆ 12:18. ಅವರ ಪಾಲಿನದು ಅವರಿಗೆ ಬಿಟ್ಟದ್ದು.

ಗಂಡ ಹೊಡೆಯುತ್ತಾರೆ. ‘ಇದು ನೀನು ಹೊರಬೇಕಾದ ಶಿಲುಬೆ’ ಎಂದು ಸಭೆಯ ಹಿರಿಯರೊಬ್ಬರು ಹೇಳಿದರು. ಇದು ನಿಜವೇ?

ಅಲ್ಲ, ಸಹೋದರಿ. ಶಿಲುಬೆಯ ಮಾತು ಬರುವಲ್ಲಿ ಯೇಸು ‘ನನ್ನ ನಿಮಿತ್ತವೂ ಸುವಾರ್ತೆಯ ನಿಮಿತ್ತವೂ’ ಎಂದು ಸೇರಿಸುತ್ತಾನೆ (ಮಾರ್ಕ 8:34-35). ಆತನನ್ನು ಹಿಂಬಾಲಿಸಿದ್ದಕ್ಕಾಗಿ, ತಿಳಿದೇ ಒಪ್ಪಿಕೊಳ್ಳುವ ನಷ್ಟ ಅದು. ಇನ್ನೊಬ್ಬರ ಪಾಪಕ್ಕೆ ಮೈಯೊಡ್ಡಿ ಕೂರುವುದು ಶಿಲುಬೆಯಲ್ಲ. ಜನ ಕಲ್ಲೆತ್ತಿದಾಗ ಯೇಸು ಮರೆಯಾಗಿ ಹೊರಟುಹೋದ (ಯೋಹಾನ 8:59), ಹಿಂಸೆಯಾದರೆ ಬೇರೆ ಊರಿಗೆ ಓಡಿಹೋಗಿ ಎಂದು ಶಿಷ್ಯರಿಗೂ ಹೇಳಿದ (ಮತ್ತಾಯ 10:23). ಕೊರಡೆಯಿಂದ ಹೊಡೆಯಲು ಕಟ್ಟಿದಾಗ ಪೌಲ ರೋಮನ್ ಕಾನೂನನ್ನು ಮುಂದಿಟ್ಟ (ಅ. ಕೃತ್ಯಗಳು 22:25).

ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಮಕ್ಕಳಿದ್ದರೆ ಕರೆದುಕೊಂಡು. ಗಾಯವನ್ನು ವೈದ್ಯರಿಗೆ ತೋರಿಸಿ ಬರಹದಲ್ಲಿ ದಾಖಲೆ ಪಡೆಯಿರಿ. ನಂಬಿಕಸ್ಥರೊಬ್ಬರಿಗೆ ತಿಳಿಸಿ, ಪೊಲೀಸರ ನೆರವು ಕೇಳಲು ಹಿಂಜರಿಯಬೇಡಿ. ಕ್ಷಮಿಸುವುದು, ಮತ್ತೆ ನಂಬುವುದು, ಒಂದೇ ಮನೆಯಲ್ಲಿರುವುದು ಮೂರೂ ಬೇರೆ ಬೇರೆ. ಗಂಡ ಕಣ್ಣೀರಿಟ್ಟರೆ ಅದೇ ಪಶ್ಚಾತ್ತಾಪವಾಗದು. ಪಶ್ಚಾತ್ತಾಪಕ್ಕೆ ತಕ್ಕ ಫಲ ಕಾಣಬೇಕು (ಲೂಕ 3:8), ಅದಕ್ಕೆ ಕಾಲ ಹಿಡಿಯುತ್ತದೆ. ಆ ಹಿರಿಯರೂ ಈ ವಚನಗಳನ್ನು ದಯವಿಟ್ಟು ಓದಲಿ.

ಸಾಲವಿದೆ. ಹಾಗಿದ್ದರೂ ದಶಮಾಂಶ (ವರಮಾನದ ಹತ್ತರಲ್ಲೊಂದು ಪಾಲು) ಕೊಡಲೇಬೇಕೇ?

ಸಭೆಗಳಿಗೆ ಬರೆದ ಪತ್ರಗಳಲ್ಲಿ ಪೌಲ ಶೇಕಡಾ ಲೆಕ್ಕ ಹಾಕುವುದಿಲ್ಲ. ವಾರದ ಮೊದಲ ದಿನ, ವರಮಾನಕ್ಕೆ ತಕ್ಕಂತೆ ತೆಗೆದಿಡಿ ಎನ್ನುತ್ತಾನೆ (1 ಕೊರಿಂಥದವರಿಗೆ 16:2). ಬಲವಂತದಿಂದ ಬೇಡ ಎಂದೂ ಹೇಳುತ್ತಾನೆ (2 ಕೊರಿಂಥದವರಿಗೆ 9:7). ಹಣ ಕೈಗೆ ಬಂದ ದಿನವೇ ಸಾಲದ ಕಂತನ್ನೂ ಕಾಣಿಕೆಯನ್ನೂ ಬೇರೆ ಬೇರೆ ಎತ್ತಿಡಿ. ತಿಂಗಳ ಕೊನೆಗೆ ಉಳಿದದ್ದು ಕೊಡೋಣ ಎಂದುಕೊಂಡರೆ ಏನೂ ಉಳಿಯುವುದಿಲ್ಲ. ಕಂತು ತಪ್ಪಿಸಿ ಕಾಣಿಕೆ ಹಾಕಿದರೆ ನೀವು ಕೊಟ್ಟದ್ದು ಸಾಲ ಕೊಟ್ಟವರ ಹಣ. ಸಾಲ ತೀರುವ ತನಕ ಕಾಣಿಕೆ ಚಿಕ್ಕದಾದರೂ ಚಿಂತೆಯಿಲ್ಲ. ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಸ್ವೀಕಾರವಾಗುತ್ತದೆ, ಇಲ್ಲದ್ದನ್ನು ಯಾರೂ ಕೇಳುತ್ತಿಲ್ಲ (2 ಕೊರಿಂಥದವರಿಗೆ 8:12).