ವಿಭೂತಿಯ ಪೊಟ್ಟಣ ಪರ್ಸಿನಲ್ಲೇ ಇರಲಿ

ಗದಗಿನ ಸಹೋದರಿಯೊಬ್ಬರು ಎಂಟು ಪುಟಗಳ ಪತ್ರ ಬರೆದಿದ್ದಾರೆ, ಹೆಸರು ಪ್ರಕಟಿಸಬಾರದೆಂದು ಕೇಳಿಕೊಂಡಿದ್ದಾರೆ. ವಯಸ್ಸು 52, ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ, ಇಪ್ಪತ್ತರ ಹರೆಯದಿಂದಲೂ ದೇವರನ್ನು ನಂಬಿದವರಲ್ಲ. ಧಾರವಾಡದಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದ ಅವರ ಗೆಳತಿ ಈಗ ಹಳೇ ಹುಬ್ಬಳ್ಳಿಯಲ್ಲಿದ್ದಾರೆ. ಅವರು ಸಿದ್ಧಾರೂಢ ಮಠದ ಭಕ್ತೆ, ಸೋಮವಾರದ ಅಜ್ಜನ (ಭಕ್ತರಿಗೆ ಸಿದ್ಧಾರೂಢರು ಅಜ್ಜ) ದರ್ಶನವನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಇವರಿಬ್ಬರೂ ಅದೇ ಹಾಸ್ಟೆಲಿನ ಇನ್ನಿಬ್ಬರೂ ಸೇರಿ ವಾಟ್ಸಾಪ್‌ನಲ್ಲಿ ನಾಲ್ವರದೊಂದು ಬಳಗ ಮಾಡಿಕೊಂಡಿದ್ದಾರೆ. ಅಲ್ಲಿ ಬೆಳಗಿನ "ನಾಷ್ಟಾ ಆತೇನ?" ಎಂಬಲ್ಲಿಂದ ಹಿಡಿದು ಮೊಣಕಾಲ ನೋವು, ಸೊಸೆಯ ಹೆರಿಗೆ, ಜೋಳದ ದರದವರೆಗೆ ದಿನವಿಡೀ ಮಾತು ಸಾಗುತ್ತಿರುತ್ತದೆ.

ಶ್ರಾವಣದ ಮೊದಲ ಸೋಮವಾರ ಹುಬ್ಬಳ್ಳಿಯ ಗೆಳತಿಯು, ನಾಲ್ಕು ವರ್ಷದ ಮೊಮ್ಮಗನಿಗೆ ಮೂರು ದಿನಗಳಿಂದ ಕಾಡುತ್ತಿದ್ದ ಜ್ವರ ಅಜ್ಜನ ವಿಭೂತಿ ಹಚ್ಚಿದ ರಾತ್ರಿಯೇ ಇಳಿಯಿತೆಂದು ಬರೆದರು. ನಮ್ಮ ಶಿಕ್ಷಕಿಯು ಒಂದು ನಿಮಿಷವೂ ಕಾಯದೆ, ವೈರಲ್ ಜ್ವರ ಮೂರು ದಿನಕ್ಕೆ ತಾನಾಗಿಯೇ ಇಳಿಯುತ್ತದೆ, ಅದರಲ್ಲಿ ವಿಭೂತಿಯದೇನೂ ಇಲ್ಲ ಎಂದು ಉತ್ತರಿಸಿದರು. ಆ ಕಡೆಯಿಂದ ಮುಗಿದ ಕೈಗಳ ಚಿತ್ರವೊಂದು ಬಂದಿತು, ಮತ್ತೇನೂ ಬರಲಿಲ್ಲ. ಎರಡು ದಿನ ಕಳೆದ ಮೇಲೆ ಬಳಗದ ಮೂರನೆಯ ಗೆಳತಿಯು, ಹುಬ್ಬಳ್ಳಿಯವರು ತನಗೊಬ್ಬಳಿಗೇ ಬರೆದಿದ್ದ ಸಾಲೊಂದರ ಸ್ಕ್ರೀನ್‌ಶಾಟ್ ತೆಗೆದು ಇವರಿಗೆ ಕಳುಹಿಸಿದರು. "ದೇವರನ್ನ ನಂಬದವರ ಮನಸು ಕಲ್ಲಾಗಿರ್ತದ" ಎಂದು ಅದರಲ್ಲಿತ್ತು. ಅಂದಿನಿಂದ 23 ದಿನ ಇಬ್ಬರ ನಡುವೆ ಮಾತಿಲ್ಲ. ಪ್ರತಿವರ್ಷ ಬಸ್ಸಿನಲ್ಲಿ ಬರುವ ಯಾರದಾದರೂ ಕೈಯಲ್ಲಿ ಗದಗ ತಲುಪುತ್ತಿದ್ದ ಪಂಚಮಿ ಉಂಡಿಯ ಡಬ್ಬಿ ಈ ಸಲ ತಲುಪಲಿಲ್ಲ. ಗೆಳೆತನ ಉಳಿಸಿಕೊಳ್ಳುವುದಕ್ಕಾಗಿ ನನ್ನ ವಿಚಾರವನ್ನು ಮುಚ್ಚಿಟ್ಟುಕೊಂಡು ಬದುಕಬೇಕೇ, ಅದು ಆತ್ಮವಂಚನೆಯಲ್ಲವೇ ಎಂಬುದು ಅವರ ಪ್ರಶ್ನೆ.

ಸಹೋದರಿ, ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಮೂರು ಸಲವೂ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಆರನೆಯ ಪುಟದಲ್ಲಿ ಕಂಸದೊಳಗೆ ಬರೆದು ಮುಂದೆ ಸಾಗಿಬಿಟ್ಟ ಒಂದು ವಾಕ್ಯ. ಆರು ವರ್ಷಗಳ ಹಿಂದೆ ನಿಮ್ಮ ಯಜಮಾನರಿಗೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದಾಗ ಈ ಗೆಳತಿ ಹನ್ನೊಂದು ದಿನ ಎರಡು ಹೊತ್ತೂ ಬುತ್ತಿ ತಂದುಕೊಟ್ಟರು. ಒಂದು ದಿನ ರೊಟ್ಟಿಯ ಗಂಟಿನಲ್ಲಿ ಕಾಗದದಲ್ಲಿ ಮಡಿಸಿದ ವಿಭೂತಿಯ ಪೊಟ್ಟಣವೂ ಇತ್ತು, ನೀವು ಅದನ್ನು ಪರ್ಸಿನ ಒಳಜೇಬಿಗೆ ಹಾಕಿಕೊಂಡಿರಿ, ಅದು "ಈಗಲೂ ಅಲ್ಲೇ ಇದೆ". ಇಷ್ಟೇ ನೀವು ಬರೆದಿರುವುದು. ಈ ಆರು ವರ್ಷಗಳಲ್ಲಿ ಒಂದಾದರೂ ಪರ್ಸ್ ಬದಲಾಗಿರಲೇಬೇಕು. ಅಂದರೆ ಹಳೆಯದರಿಂದ ತೆಗೆದು ಹೊಸದರೊಳಗೆ ಆ ಪೊಟ್ಟಣವನ್ನು ಇಟ್ಟ ಕೈ ನಿಮ್ಮದೇ.

ನೀವು ಒಳಗೊಳಗೇ ದೇವರನ್ನು ನಂಬುತ್ತೀರಿ ಎಂದು ನಾನು ಹೇಳಲು ಹೊರಟಿಲ್ಲ. ಹಾಗೆ ಹೇಳುವುದು ನಿಮಗೆ ಮಾಡುವ ಅವಮಾನ. ನಿಮಗೆ ಆ ಬೂದಿಯ ಶಕ್ತಿಯಲ್ಲಿ ನಂಬಿಕೆಯಿಲ್ಲ, ಆದರೆ ಅದನ್ನು ಮಡಿಸಿ ಕೊಟ್ಟ ಕೈಯ ಮೇಲೆ ಎಷ್ಟು ನಂಬಿಕೆಯಿದೆಯೆಂದರೆ ಅದನ್ನು ಚೆಲ್ಲಲು ಆರು ವರ್ಷವಾದರೂ ಮನಸ್ಸಾಗಲಿಲ್ಲ. ನಿಮ್ಮ ಗೆಳತಿಯ ಕಡೆಯದನ್ನೂ ನೋಡಿ. ಪೊಟ್ಟಣ ಕೊಟ್ಟ ಮೇಲೆ ಹಚ್ಚಿದೆಯಾ ಇಲ್ಲವಾ ಎಂದು ಅವರು ಒಮ್ಮೆಯೂ ಕೇಳಲಿಲ್ಲವೆಂದು ನೀವೇ ಬರೆದಿದ್ದೀರಿ. ಮೂವತ್ತು ವರ್ಷ ನಿಮ್ಮಿಬ್ಬರ ಗೆಳೆತನ ನಡೆದು ಬಂದ ರೀತಿಯೇ ಇದು: ಒಬ್ಬರು ಕೊಡುತ್ತಾರೆ, ಲೆಕ್ಕ ಕೇಳುವುದಿಲ್ಲ, ಇನ್ನೊಬ್ಬರು ಇಟ್ಟುಕೊಳ್ಳುತ್ತಾರೆ, ವಾದಿಸುವುದಿಲ್ಲ. ಶ್ರಾವಣ ಸೋಮವಾರದಂದು ಈ ರೀತಿಯನ್ನು ಮುರಿದವರು ನೀವು.

ಏಕೆಂದರೆ ಅಂದು ನಿಮ್ಮ ಗೆಳತಿ ವೈದ್ಯಶಾಸ್ತ್ರದ ಬಗ್ಗೆ ಸಿದ್ಧಾಂತವನ್ನೇನೂ ಮಂಡಿಸಿರಲಿಲ್ಲ. ಮೂರು ರಾತ್ರಿ ನಿದ್ದೆಗೆಟ್ಟ ಅಜ್ಜಿಯೊಬ್ಬರು ಕೂಸು ಉಳಿಯಿತು ಎಂದು ಉಸಿರು ಬಿಟ್ಟಿದ್ದರು, ಆ ಉಸಿರು ಅವರಿಗೆ ಗೊತ್ತಿದ್ದ ಮಾತಿನಲ್ಲಿ ಹೊರಬಂದಿತು. ಮಗುವನ್ನು ಮೊದಲ ದಿನವೇ ಡಾಕ್ಟರರಿಗೆ ತೋರಿಸಿ ಔಷಧಿ ಕೊಡಿಸಿದ್ದರೆಂದೂ ನಿಮ್ಮ ಪತ್ರದಲ್ಲೇ ಇದೆ. ಹಾಗಿರುವಾಗ ನೀವು ತಿದ್ದಲು ಹೊರಟದ್ದು ಯಾವ ತಪ್ಪನ್ನು?

ಇದಕ್ಕಿಂತಲೂ ನನ್ನನ್ನು ಕಾಡಿದ ವಿಷಯ ಇನ್ನೊಂದಿದೆ. ವಿಜ್ಞಾನದ ಪರವಾಗಿ ಮಾತನಾಡಿದೆನೆಂದು ನೀವು ತಿಳಿದಿದ್ದೀರಿ, ಆದರೆ ಅಂದು ನಿಮ್ಮ ಉತ್ತರದಲ್ಲಿ ವಿಜ್ಞಾನವೂ ಅರ್ಧವೇ ಇತ್ತು. ಮಳೆಗಾಲದಲ್ಲಿ ಮಗುವಿನ ಜ್ವರ ಮೂರು ದಿನಕ್ಕೆ ಇಳಿಯಿತೆಂದರೆ ಯಾವಾಗಲೂ ನಿಶ್ಚಿಂತರಾಗುವಂತಿಲ್ಲ. ಡೆಂಗಿ ಆಗಿದ್ದರೆ ಅಪಾಯದ ಘಟ್ಟ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿನಲ್ಲಿ, ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ. ರಕ್ತನಾಳಗಳಿಂದ ದ್ರವಾಂಶ ಸೋರತೊಡಗುವುದು ಆಗಲೇ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಮಂಕಾಗಿ ಬಿದ್ದಿರುವುದು ಇವುಗಳಲ್ಲಿ ಏನೇ ಕಂಡರೂ ಆಸ್ಪತ್ರೆಗೆ ಓಡಬೇಕು. ಇದು ವಿಜ್ಞಾನ ಶಿಕ್ಷಕಿಯಾದ ನಿಮಗೆ ತಿಳಿಯದ್ದಲ್ಲ. ಕೂಸು ನೀರು ಕುಡೀತದೇನ, ಮೂತ್ರ ಸರಿಯಾಗಿ ಹೋಗತದೇನ, ರಕ್ತ ತಪಾಸಣೆ ಮಾಡಿಸಿದಿರೇನ ಎಂದು ನೀವು ಕೇಳಬಹುದಾಗಿತ್ತು. ಆ ಪ್ರಶ್ನೆಗಳಲ್ಲಿ ವಿಜ್ಞಾನವೆಲ್ಲವೂ ಇರುತ್ತಿತ್ತು, ವಿಭೂತಿಯ ಪ್ರಸ್ತಾಪವೇ ಬೇಕಾಗುತ್ತಿರಲಿಲ್ಲ, ಹುಬ್ಬಳ್ಳಿಯಲ್ಲಿ ಕುಳಿತ ಅಜ್ಜಿಗೆ ತನ್ನ ಮೊಮ್ಮಗನನ್ನು ಗದಗಿನಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆಂದು ಅನ್ನಿಸುತ್ತಿತ್ತು.

ವೈಜ್ಞಾನಿಕ ಮನೋಭಾವ ಬೆಳೆಸುವುದು ಸಂವಿಧಾನ ಹೇಳಿದ ಕರ್ತವ್ಯ ಎಂದು ನೀವು 51ಎ ವಿಧಿಯನ್ನು ಉದ್ಧರಿಸಿದ್ದೀರಿ. 1976ರ 42ನೆಯ ತಿದ್ದುಪಡಿಯಿಂದ ಬಂದ ಆ ವಿಧಿಯ ಮೇಲೆ ನನಗೂ ಬಹಳ ಗೌರವವಿದೆ, ಈ ಅಂಕಣದಲ್ಲಿ ಹಿಂದೆಯೂ ಅದರ ಬಗ್ಗೆ ಬರೆದಿದ್ದೇನೆ. ಆದರೆ ನೀವು ಹೇಳುವ ಆ ಉಪವಾಕ್ಯದಲ್ಲಿ ವೈಜ್ಞಾನಿಕ ಮನೋಭಾವದ ಪಕ್ಕದಲ್ಲೇ ಮಾನವೀಯತೆಯೂ ಜಿಜ್ಞಾಸೆಯೂ ಇವೆ. ಅದಕ್ಕಿಂತ ಕೆಲವು ಸಾಲು ಮೇಲೆ, ಧರ್ಮ, ಭಾಷೆ, ಪ್ರದೇಶಗಳ ಭೇದಗಳನ್ನು ಮೀರಿ ಸಾಮರಸ್ಯವನ್ನೂ ಭ್ರಾತೃಭಾವವನ್ನೂ ಬೆಳೆಸಬೇಕೆಂಬ ಕರ್ತವ್ಯವೂ ಇದೆ. ಒಂದನ್ನು ಕೈಗೆತ್ತಿಕೊಂಡವರು ಉಳಿದವುಗಳಿಗೆ ಬಾಧ್ಯರಲ್ಲವೆಂದು ಆ ವಿಧಿಯಲ್ಲಿ ಎಲ್ಲೂ ಬರೆದಿಲ್ಲ.

ಹಾಗೆಂದು ನಿಮ್ಮ ವಿಚಾರವನ್ನು ಮುಚ್ಚಿಡಬೇಕೇ? ಖಂಡಿತ ಬೇಡ. ನಾನು ಈ ಉತ್ತರವನ್ನು ಬರೆಯುತ್ತಿರುವುದು ಧಾರವಾಡದಲ್ಲಿ ಕುಳಿತು. ವಚನ ಸಂಶೋಧನೆಗೆ ಜೀವನವನ್ನೇ ಸವೆಸಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದ ಊರಿದು. ನಂಬದಿರುವ ಹಕ್ಕು, ನಂಬುವುದಿಲ್ಲವೆಂದು ಗಟ್ಟಿಯಾಗಿ ಹೇಳುವ ಹಕ್ಕು ಎಷ್ಟು ಬೆಲೆಯುಳ್ಳದ್ದೆಂದು ನನಗೆ ಯಾರೂ ತಿಳಿಸಿಕೊಡಬೇಕಾಗಿಲ್ಲ, ಅದನ್ನು ಬಿಟ್ಟುಕೊಡಿರೆಂದು ನಾನು ಯಾರಿಗೂ ಹೇಳುವವಳಲ್ಲ. ಆ ಮಗುವಿಗೆ ಔಷಧಿ ನಿಲ್ಲಿಸಿ ಬರೀ ವಿಭೂತಿ ಹಚ್ಚಿದ್ದರೆ, ಮೈಮೇಲೆ ಬರೆ ಹಾಕಿಸಿದ್ದರೆ, ನೀವು ಜಗಳವಾಡಲೇಬೇಕಿತ್ತು, ಗೆಳೆತನ ಮುರಿದರೂ ಸರಿಯೇ. ಅಂಥ ಕ್ರೂರ ಆಚರಣೆಗಳ ವಿರುದ್ಧ ನಮ್ಮ ರಾಜ್ಯದಲ್ಲಿ 2017ರಲ್ಲಿ ರೂಪುಗೊಂಡ ಕಾಯ್ದೆಯೇ ಇದೆ, 2020ರಿಂದ ಅದು ಜಾರಿಯಲ್ಲಿದೆ. ಯಾರಿಗೂ ಕೇಡಾಗದ ಕಡೆ, ಯಾರೂ ನಿಮ್ಮ ಅಭಿಪ್ರಾಯ ಕೇಳದ ಹೊತ್ತಿನಲ್ಲಿ, ಸಂತೋಷಪಡುತ್ತಿರುವವರಿಗೆ ಅದನ್ನು ಒಪ್ಪಿಸದೆ ಇದ್ದರೆ ಆತ್ಮವಂಚನೆಯಾಗುವುದಿಲ್ಲ. ಆಸ್ಪತ್ರೆಯ ಆ ಹನ್ನೊಂದು ದಿನ ನಿಮ್ಮ ಗೆಳತಿಯೂ ದೇವರ ವಿಷಯ ಎತ್ತಲಿಲ್ಲವಲ್ಲ. ಅವರು ತಮ್ಮ ಭಕ್ತಿಯನ್ನು ವಂಚಿಸಿಕೊಂಡರೆಂದು ನಿಮಗೆ ಅಂದು ಅನ್ನಿಸಿತೇ?

ಈಗ ಸ್ಕ್ರೀನ್‌ಶಾಟಿನ ಮಾತು. ಮೂರನೆಯ ಗೆಳತಿಯದು ಒಳ್ಳೆಯ ಉದ್ದೇಶವೇ, ವಿಷಯ ತಿಳಿದಿರಲಿ ಎಂದು ಕಳುಹಿಸಿದಳು ಎಂದು ನೀವು ಅವರ ಪರ ವಹಿಸಿದ್ದೀರಿ. ನಾನು ಇದನ್ನು ಒಪ್ಪಲಾರೆ. ಈ ಇಡೀ ಪ್ರಕರಣದಲ್ಲಿ ನಾನು ಕ್ಷಮಿಸಲಾರದವರು ಇದ್ದರೆ ಅವರೊಬ್ಬರೇ. ನಿಮ್ಮ ಉತ್ತರ ಅವಸರದ್ದು, ಹುಬ್ಬಳ್ಳಿಯವರ ಮಾತು ನೋವಿನದು, ಎರಡನ್ನೂ ಕಾಲ ಒರೆಸುತ್ತಿತ್ತು. ಒಬ್ಬಳ ದುಃಖವನ್ನು ಕೇಳಿಸಿಕೊಳ್ಳಬೇಕಾದವಳು ಅದರ ಚಿತ್ರ ತೆಗೆದು ಇನ್ನೊಬ್ಬಳಿಗೆ ಹಚ್ಚಿಕೊಟ್ಟದ್ದು ಮಾತ್ರ ಯೋಚಿಸಿ ಮಾಡಿದ ಕೆಲಸ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ ನಮ್ಮ ಹಿರಿಯರು, ಅಂದರೆ ಹಿಂದಿರುಗಿ ಬರುವುದಿಲ್ಲ. ಫೋನಿನ ಮೇಲೆ ಬರೆದ ಮಾತು ಎಲ್ಲಿಗೂ ಹೋಗುವುದಿಲ್ಲ, ರಾತ್ರಿ ಹನ್ನೊಂದಕ್ಕೆ ತೆಗೆದು ಓದಿದರೆ ಮತ್ತೊಮ್ಮೆ ಅಷ್ಟೇ ಚುಚ್ಚುತ್ತದೆ. ನೀವು ಅದನ್ನು ಎಷ್ಟು ಸಲ ಓದಿದ್ದೀರೆಂದು ನನಗೆ ಗೊತ್ತಿಲ್ಲ, ಇಂದೇ ಅಳಿಸಿಹಾಕಿ. ಅದು ನಿಮಗೆ ಬರೆದದ್ದಲ್ಲ, ಆದ್ದರಿಂದ ಅದಕ್ಕೆ ಉತ್ತರ ಕೊಡುವ ಅಧಿಕಾರವೂ ನಿಮಗಿಲ್ಲ. ಮೂರನೆಯವರ ಜೊತೆ ಈ ವಿಷಯವನ್ನು ಇನ್ನು ಮುಂದೆ ಒಂದಕ್ಷರವೂ ಆಡಬೇಡಿ.

ನೀವು ಮಾಡಬೇಕಾದದ್ದು ಒಂದೇ. ಬರುವ ಭಾನುವಾರ ಗದಗಿನಲ್ಲಿ ಬೆಳಗಿನ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ. ಫೋನಿನಲ್ಲಿ ಕ್ಷಮೆ ಬರೆಯಬೇಡಿ, ಬರುತ್ತೇನೆಂದು ತಿಳಿಸಲೂ ಬೇಡಿ. ಬೆರಳ ತುದಿಯಿಂದ ಕೆಟ್ಟದ್ದನ್ನು ಬೆರಳ ತುದಿಯಿಂದಲೇ ಸರಿಪಡಿಸಲಾಗದು, ಎದುರು ಕುಳಿತು ಒಂದೇ ತಟ್ಟೆಯಿಂದ ರೊಟ್ಟಿ ಮುರಿಯಬೇಕು ಎಂದು ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ನನಗೆ ಬೇಸರವಾಗಿಲ್ಲ. ಅಣ್ಣಿಗೇರಿ ದಾಟಿ ನೀವು ಇಳಿಯುವ ನಿಲ್ದಾಣಕ್ಕೆ 2020ರಿಂದ ಸಿದ್ಧಾರೂಢ ಸ್ವಾಮೀಜಿಯವರದೇ ಹೆಸರಿದೆ. ಆ ಫಲಕದ ಕೆಳಗೆ ನಡೆದು ಹೋಗುವುದರಿಂದ ನಿಮ್ಮ ವಿಚಾರಕ್ಕೆ ಏನೂ ಕುಂದುಂಟಾಗುವುದಿಲ್ಲ. ಬಾಗಿಲು ತೆರೆದ ಕೂಡಲೇ ಮೊದಲು ಮೊಮ್ಮಗನನ್ನು ಕೇಳಿ. ಅವನನ್ನು ತೊಡೆಯ ಮೇಲೆ ಕೂಡಿಸಿಕೊಂಡ ಮೇಲೆ, ಅವತ್ತು ಹಾಗೆ ಬರೆಯಬಾರದಿತ್ತು ಎಂದು ಒಂದೇ ಸಾಲು ಹೇಳಿ, ವಿವರಣೆ ಕೊಡಬೇಡಿ. ಪರ್ಸಿನಲ್ಲಿರುವ ಪೊಟ್ಟಣವನ್ನು ಸಾಕ್ಷಿಯೆಂಬಂತೆ ತೆಗೆದು ತೋರಿಸುವುದೂ ಬೇಡ. ಆರು ವರ್ಷ ಇದ್ದಲ್ಲೇ ಇರಲಿ.

ಮತ್ತು ಮನೆಯಲ್ಲಿ ಏನೂ ತಿಂದು ಹೊರಡಬೇಡಿ. "ನಾಷ್ಟಾ ಆತೇನ?" ಎಂದು ನಿಮ್ಮ ಗೆಳತಿ ಕೇಳಿಯೇ ಕೇಳುತ್ತಾರೆ. ಇಲ್ಲ ಎಂದು ನೀವು ಹೇಳಬೇಕು, ಅದು ನಿಜವೂ ಆಗಿರಬೇಕು.