ಓದುಗರ ಪ್ರಶ್ನೆ: ಸಸಿ ನೆಟ್ಟಾದ ಮೇಲೆ ನಿಸರ್ಗ ಬಳಗಕ್ಕೆ ಏನು ಕೆಲಸ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಕಳೆದ ವರ್ಷ ವಿಶ್ವ ಪರಿಸರ ದಿನದಂದು ಊರಿನವರು ಸೇರಿ ನಿಸರ್ಗ ಬಳಗ ಕಟ್ಟಿದೆವು. ಮೊದಲ ದಿನ ನಲವತ್ತು ಜನ ಬಂದಿದ್ದರು. ಸಸಿ ನೆಟ್ಟೆವು, ಜಾಥಾ ಮಾಡಿದೆವು, ಭಾಷಣ ಸ್ಪರ್ಧೆ ಏರ್ಪಡಿಸಿದೆವು. ದೀಪಾವಳಿಯ ಹೊತ್ತಿಗೆ ಉಳಿದವರು ಐದಾರು ಜನ. ಒಂದು ಕೆರೆಯನ್ನು ಬಿಟ್ಟರೆ ನಮ್ಮಲ್ಲಿ ಕಾಡೂ ಇಲ್ಲ, ಗುಡ್ಡವೂ ಇಲ್ಲ. ಬಳಗವನ್ನು ಉಳಿಸಿಕೊಳ್ಳಲು ಇನ್ನೇನು ಹಮ್ಮಿಕೊಳ್ಳಬಹುದು?

ಉತ್ತರ: ಐದಾರು ಜನ ಉಳಿದಿದ್ದಾರೆಂದರೆ ಕೆರೆಯ ಹಕ್ಕಿ ಎಣಿಸಲು ಅಷ್ಟು ಸಾಕು, ನಲವತ್ತು ಜನ ಏರಿಯ ಮೇಲೆ ಬಂದು ನಿಂತರೆ ಎಣಿಸಲು ಹಕ್ಕಿಗಳೇ ಉಳಿಯುವುದಿಲ್ಲ. ನಿಮ್ಮ ಬಳಗ ಈವರೆಗೆ ಮಾಡಿದ್ದೆಲ್ಲ ಒಂದೊಂದು ದಿನದ ಕಾರ್ಯಕ್ರಮ. ಮರುದಿನ ಸದಸ್ಯರಿಗೆ ಮಾಡಲು ಏನೂ ಇರಲಿಲ್ಲವಾದ್ದರಿಂದ ಅವರು ಬರುವುದನ್ನು ಬಿಟ್ಟರು ಎಂದೇ ನನ್ನ ಅನಿಸಿಕೆ. ಪ್ರತಿ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಕೆರೆಯನ್ನು ಸುತ್ತಿ, ಕಂಡದ್ದನ್ನು ಒಂದೇ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಹಿಡಿಯಿರಿ.

ಮೊದಲು ನಿಲ್ಲುವ ಜಾಗಗಳನ್ನು ಗೊತ್ತುಮಾಡಿಕೊಳ್ಳಬೇಕು: ತೂಬಿನ ಬಳಿ, ಕೋಡಿಯ ಬಳಿ, ಏರಿಯ ನಡುವೆ, ಹಳ್ಳ ಬಂದು ಸೇರುವ ಮೂಲೆಯಲ್ಲಿ. ಬೆಳಗಿನ ಬಿಸಿಲು ಬೆನ್ನಿಗೆ ಬೀಳುವ ಹಾಗೆ ಆದಷ್ಟು ಪೂರ್ವದ ದಡದಲ್ಲಿ ನಿಂತರೆ ಹಕ್ಕಿಯ ಬಣ್ಣ ಕಾಣುತ್ತದೆ. ಇಲ್ಲವಾದರೆ ಎಲ್ಲವೂ ಕಪ್ಪು ನೆರಳಾಗಿ ತೋರುತ್ತವೆ. ಒಂದೊಂದು ಜಾಗದಲ್ಲಿ ಹದಿನೈದು ನಿಮಿಷ ಸಾಕು. ಪುಸ್ತಕದಲ್ಲಿ ‘ತುಂಬಾ’, ‘ಸಾಕಷ್ಟು’ ಎಂದು ಬರೆಯದೆ ಅಂಕಿಯನ್ನೇ ಬರೆಯಬೇಕು. ದೊಡ್ಡ ಹಿಂಡಾದರೆ ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂಬುದನ್ನು ಕಣ್ಣಳತೆಗೆ ತಂದುಕೊಂಡು, ಅದೇ ಅಳತೆಯಿಂದ ಉಳಿದ ಹಿಂಡನ್ನು ಅಳೆಯುವುದು ರೂಢಿ. ಗುಳುಮುಳುಕಗಳು ಮಾತ್ರ ಎಣಿಸುವವರನ್ನು ಚೆನ್ನಾಗಿ ಆಟವಾಡಿಸುತ್ತವೆ: ಏಳು ಎಂದು ಬರೆಯುವಷ್ಟರಲ್ಲಿ ಮೂರು ಮುಳುಗಿ, ಇನ್ನೆಲ್ಲೋ ಎರಡು ಮೇಲೆದ್ದಿರುತ್ತವೆ. ಮೂರು ಸಲ ಎಣಿಸಿ, ಅದರಲ್ಲಿ ದೊಡ್ಡ ಅಂಕಿಯನ್ನು ಇಟ್ಟುಕೊಳ್ಳಿ. ಜೊತೆಗೆ ತೂಬಿನ ಮೆಟ್ಟಿಲುಗಳಲ್ಲಿ ಎಷ್ಟು ನೀರಿನಿಂದ ಮೇಲಿವೆ, ಜೊಂಡು ಎಲ್ಲಿಯವರೆಗೆ ಬೆಳೆದಿದೆ, ಮೀನಿನ ಬಲೆ ಹಾಕಿದ್ದಾರೆಯೇ ಎಂಬುದನ್ನೂ ಒಂದೆರಡು ಸಾಲಿನಲ್ಲಿ ಗುರುತಿಸಿಡಿ. ಏನೂ ಕಾಣದ ತಿಂಗಳಿನ ಪುಟವನ್ನು ಖಾಲಿ ಬಿಡದೆ ‘ಇಲ್ಲ’ ಎಂದೇ ಬರೆಯಿರಿ, ಏಕೆಂದರೆ ಖಾಲಿ ಪುಟವನ್ನು ನೋಡಿದವರಿಗೆ ಹಕ್ಕಿ ಬರಲಿಲ್ಲವೋ ನೀವು ಹೋಗಲಿಲ್ಲವೋ ಎಂಬುದು ತಿಳಿಯುವುದಿಲ್ಲ.

ನಿಮ್ಮ ಜಿಲ್ಲೆಯಲ್ಲಿಯೇ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಿದೆ. ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಅಲ್ಲಿ ಕಳೆಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ತಾಣಗಳ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ, ಪಟ್ಟಿಗೆ ಸೇರಿತು. ಈ ಹೆಬ್ಬಾತುಗಳು ಮೇಯಲು ಸುತ್ತಲಿನ ಹೊಲಗಳಿಗೆ ಹೋಗಿ, ಹಗಲು ನೀರಿನಲ್ಲಿ ವಿಶ್ರಮಿಸುವುದರಿಂದ ಎಣಿಕೆಯ ಹೊತ್ತು ಬದಲಾದರೆ ಅಂಕಿಯೂ ಬದಲಾಗುತ್ತದೆ. ಒಂದೇ ಹೊತ್ತಿಗೆ ಎಂದು ನಾನು ಒತ್ತಿ ಹೇಳಿದ್ದು ಇದಕ್ಕಾಗಿ. ನಿಮ್ಮ ಕೆರೆಗೂ ಹತ್ತಿಪ್ಪತ್ತು ಹೆಬ್ಬಾತುಗಳು ಇಳಿಯುತ್ತಿದ್ದರೆ ಅದು ಇಂಥ ಪುಸ್ತಕದಿಂದಲೇ ಹೊರಗೆ ತಿಳಿಯಬೇಕು. ಪ್ರತಿ ವರ್ಷ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿ 1987ರಿಂದಲೂ ಹೆಚ್ಚಾಗಿ ಹವ್ಯಾಸಿಗಳ ಇಂಥ ಎಣಿಕೆಯ ಮೇಲೆಯೇ ನಿಂತಿದೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಗಣತಿಯಲ್ಲಿ ನಿಮ್ಮ ಮಕ್ಕಳು ಶಾಲೆಯ ಅಂಗಳದಿಂದಲೇ ಭಾಗವಹಿಸಬಹುದು.

ಎರಡು ವರ್ಷದ ಪುಸ್ತಕ ಕೈಯಲ್ಲಿದ್ದರೆ ಅದರ ಉಪಯೋಗ ಬೇರೆಯೇ ಆಗುತ್ತದೆ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಹೂಳೆತ್ತುವಾಗ ದಡವನ್ನೆಲ್ಲ ಕಡಿದಾಗಿ ಕೊರೆದು ಕೆರೆಯನ್ನು ಬೋಗುಣಿಯಂತೆ ಮಾಡುವುದು ಎಲ್ಲೆಡೆ ನಡೆದಿದೆ. ಆಗ ಮೊಳಕಾಲು ನೀರಿನಲ್ಲಿ ನಡೆದಾಡಿ ಮೇಯುವ ಹಕ್ಕಿಗಳಿಗೆ ನೆಲೆ ಇಲ್ಲದಂತಾಗುತ್ತದೆ. ಹಳ್ಳದ ಮೂಲೆಯನ್ನು ಮಾತ್ರ ಆಳ ಮಾಡದೆ ಬಿಡಿ ಎಂದು ಪಂಚಾಯಿತಿಯ ಮುಂದೆ ಹೇಳುವಾಗ, ಯಾವ ತಿಂಗಳಿನಲ್ಲಿ ಅಲ್ಲಿ ಎಷ್ಟು ಹಕ್ಕಿಗಳಿದ್ದವು ಎಂದು ಪುಟ ತೆರೆದು ತೋರಿಸುವವರ ಮಾತಿಗೆ ತೂಕವಿರುತ್ತದೆ.

ಪ್ರಶ್ನೆ: ನಮ್ಮ ಯುವಕರ ಬಳಗವು ಊರಿನ ಗೋಮಾಳದ ಬರಡು ಜಾಗದಲ್ಲಿ ಈ ಮಳೆಗಾಲ ಸಾವಿರ ಸಸಿ ನೆಡಲು ಹೊರಟಿದೆ. ಯಾವ ಜಾತಿಯ ಸಸಿ ಸೂಕ್ತ? (ಚಳ್ಳಕೆರೆ ಕಡೆಯ ಓದುಗರು)

ಉತ್ತರ: ಜಾತಿಯನ್ನು ಹೇಳುವ ಮೊದಲು, ಆ ಜಾಗ ನಿಜವಾಗಿಯೂ ಬರಡೇ ಎಂದು ನೋಡಿ ಬನ್ನಿ ಎನ್ನುತ್ತೇನೆ. ನಾನಿದ್ದ ಬಳಗವೊಂದು ಹಲವು ವರ್ಷಗಳ ಹಿಂದೆ ಇದೇ ಉತ್ಸಾಹದಿಂದ ಹುಲ್ಲುಗಾವಲೊಂದರಲ್ಲಿ ಗುಂಡಿ ತೋಡಿ ಹೊಂಗೆ, ಬೇವು ನೆಟ್ಟಿತು. ಗುಂಡಿ ತೋಡುತ್ತಿದ್ದ ಹುಡುಗನೊಬ್ಬ ಗುದ್ದಲಿ ಎತ್ತಿದವನು ಹಾಗೆಯೇ ನಿಂತುಬಿಟ್ಟ: ದನದ ಗೊರಸು ಊರಿ ಆದ ತಗ್ಗಿನಷ್ಟೇ ಜಾಗದಲ್ಲಿ, ಹುಲ್ಲಿನ ಬುಡಕ್ಕೆ ಒತ್ತಿಕೊಂಡಂತೆ ನೆಲಗುಬ್ಬಿಯ ಗೂಡು, ಅದರಲ್ಲಿ ಮಣ್ಣಿನ ಚುಕ್ಕಿಗಳಿದ್ದ ಎರಡು ಮೊಟ್ಟೆ. ಆ ಒಂದು ಗುಂಡಿಯನ್ನು ಬಿಟ್ಟೆವು, ಉಳಿದವನ್ನು ತೋಡಿದೆವು. ನಾವು ತೋಡಿದ ಗುಂಡಿಗಳಲ್ಲಿ ಇನ್ನೆಷ್ಟು ಗೂಡುಗಳು ಹೋದವೋ ಎಂಬ ಯೋಚನೆ ಬಂದದ್ದು ಮನೆಗೆ ಮರಳಿದ ಮೇಲೆ. ಬೇಸಿಗೆಯಲ್ಲಿ ನೀರಿಲ್ಲದೆ ಸಸಿಗಳೂ ಒಣಗಿದವು.

ಒಣ ಬಯಲುಸೀಮೆಯ ಹುಲ್ಲುಗಾವಲು ಮರ ಕಳೆದುಕೊಂಡ ಕಾಡಲ್ಲ. ಅದು ತನ್ನದೇ ಆದ ಒಂದು ನೆಲೆ. ಕೃಷ್ಣಮೃಗ, ತೋಳ, ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳು, ಊರಿನ ಕುರಿ ದನ ಎಲ್ಲವೂ ಆ ಹುಲ್ಲನ್ನೇ ನೆಚ್ಚಿವೆ. ಹಾಗಾಗಿ ಸಾವಿರದ ಗುರಿಯನ್ನು ಬಿಟ್ಟು, ನೀರು ಹಾಕಲು ಸಾಧ್ಯವಿರುವ ಶಾಲೆಯ ಅಂಗಳ, ಬಸ್ ನಿಲ್ದಾಣ, ಸಂತೆಯ ಜಾಗಗಳಲ್ಲಿ ಐವತ್ತು ಸಸಿಗಳನ್ನು ನೆಟ್ಟು ಒಂದೊಂದನ್ನು ಒಬ್ಬೊಬ್ಬರ ಹೆಸರಿಗೆ ವಹಿಸುವುದು ಒಳ್ಳೆಯದು. ಮಕ್ಕಳಿದ್ದರೆ, ಈಗಾಗಲೇ ಬೆಳೆದು ನಿಂತಿರುವ ಒಂದು ಹೊಂಗೆಯನ್ನೋ ಮುತ್ತುಗವನ್ನೋ ಆರಿಸಿ, ಎಲೆ ಉದುರಿದ್ದು, ಚಿಗುರು ಬಂದದ್ದು, ಹೂ ಬಿಟ್ಟದ್ದು, ಕಾಯಿ ಕಟ್ಟಿದ್ದು ಯಾವ ವಾರ ಎಂದು ಬರೆಸಿ.

ಪ್ರಶ್ನೆ: ನಮ್ಮ ಬಳಗದಲ್ಲಿ ಯಾರಿಗೂ ಹಕ್ಕಿಗಳ ಇಂಗ್ಲಿಷ್ ಹೆಸರು ತಿಳಿಯದು. ಇದರಿಂದ ತೊಡಕಾಗುವುದಿಲ್ಲವೇ?

ಉತ್ತರ: ತೊಡಕೇನೂ ಇಲ್ಲ. ಕನ್ನಡದ ಅನೇಕ ಹೆಸರುಗಳೇ ಗುರುತನ್ನು ಹೇಳಿಕೊಡುತ್ತವೆ. ಹಣೆಯ ಮೇಲೆ ಬಿಳಿ ನಾಮವಿರುವ ಕಪ್ಪು ನೀರುಹಕ್ಕಿ ನಾಮದ ಕೋಳಿ. ಮರಗಾಲು ಕಟ್ಟಿಕೊಂಡಂತೆ ಉದ್ದ ಕಾಲಿನ ಮೇಲೆ ನಡೆಯುವುದು ಮೆಟ್ಟುಗಾಲು ಹಕ್ಕಿ. ಟಿಟ್ಟಿಭವಂತೂ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತದೆ. ಹೆಸರು ತಿಳಿಯದ ಹಕ್ಕಿಯ ಕೊಕ್ಕು, ಕಾಲು, ಬಾಲಗಳ ರೇಖಾಚಿತ್ರವನ್ನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡರೆ ಹೆಸರು ಮುಂದಿನ ತಿಂಗಳು ಸಿಕ್ಕರೂ ನಡೆಯುತ್ತದೆ. ಊರಿನ ಕುರಿಗಾಹಿಗಳನ್ನೂ ಮೀನು ಹಿಡಿಯುವವರನ್ನೂ ಕೇಳಲು ಸಂಕೋಚ ಬೇಡ.

ಪ್ರಶ್ನೆ: ಬಳಗವನ್ನು ನೋಂದಾಯಿಸುವುದು ಕಡ್ಡಾಯವೇ?

ಉತ್ತರ: ಹಕ್ಕಿ ನೋಡಲು ನೋಂದಣಿ ಬೇಕಿಲ್ಲ. ಬಳಗದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು ದೇಣಿಗೆಯನ್ನೋ ಅನುದಾನವನ್ನೋ ಪಡೆಯುವ ಯೋಚನೆಯಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿ ನೋಂದಾಯಿಸಿಕೊಳ್ಳಬಹುದು. ಮೊದಲ ವರ್ಷವೇ ಅಧ್ಯಕ್ಷರು ಯಾರು ಎಂಬ ಚರ್ಚೆಯಲ್ಲಿ ಒಡೆದ ಬಳಗಗಳನ್ನು ಕಂಡಿರುವುದರಿಂದ, ಸ್ವಲ್ಪ ತಡೆದು ಮಾಡಿ ಎಂಬುದು ನನ್ನ ಸಲಹೆ.

ಪ್ರಶ್ನೆ: ನಮ್ಮ ಊರಿನ ಹುಣಸೆ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಿಕ್ಕೆಯ ವಾಸನೆಗೆ ಬೇಸತ್ತ ಮರದ ಯಜಮಾನರು ಕೊಂಬೆ ಕಡಿಸುತ್ತೇನೆ ಎನ್ನುತ್ತಿದ್ದಾರೆ. ಬಿದ್ದ ಮರಿಗಳನ್ನು ನಾಯಿಗಳು ಒಯ್ಯುತ್ತವೆ. ನಮ್ಮ ಬಳಗ ದೂರು ಕೊಡಬೇಕೇ?

ಉತ್ತರ: ದೂರು ಕೊನೆಯ ದಾರಿಯಾಗಿರಲಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಾಸಕ್ತರ ತಂಡವೊಂದು 1990ರ ದಶಕದಲ್ಲಿ ಊರಿನ ಯುವಕರ ಜೊತೆ ಸೇರಿ ಕೆಲಸ ಮಾಡಿತು. ಆ ಯುವಕರ ಗುಂಪಿಗೆ ಹೆಜ್ಜಾರ್ಲೆ ಬಳಗವೆಂದೇ ಹೆಸರಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಆವರಣವೊಂದರಲ್ಲಿ ಇಟ್ಟು, ಮೀನು ತಿನ್ನಿಸಿ, ಹಾರಲು ಬಂದ ಮೇಲೆ ಬಿಡುವುದು ಅವರ ಮುಖ್ಯ ಕೆಲಸವಾಗಿತ್ತು. ಹುಣಸೆಯ ಫಸಲನ್ನು ಬಿಟ್ಟುಕೊಡುವ ಯಜಮಾನರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿಯೂ, ಮರದ ಬುಡದಲ್ಲಿ ಬಿದ್ದ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುವ ರೂಢಿಯೂ ಅಲ್ಲಿದೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು.

ನೀವು ಮರದ ಯಜಮಾನರ ಮನೆಗೆ ಹೋಗಿ, ಈ ವರ್ಷದ ಫಸಲಿನಲ್ಲಿ ಅವರಿಗೆ ಆದ ನಷ್ಟವೆಷ್ಟು ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಅದನ್ನು ಬರೆದು ಅವರ ಪರವಾಗಿಯೇ ವಲಯ ಅರಣ್ಯಾಧಿಕಾರಿಗಳಿಗೆ ಮನವಿ ಕೊಡಿ. ಕೊಂಬೆ ಸವರಲೇಬೇಕಿದ್ದರೆ, ಮರಿಗಳು ಹಾರಿಹೋಗುವವರೆಗೆ ತಡೆಯುವಂತೆ ಒಪ್ಪಿಸಿ. ಬಿದ್ದ ಮರಿಯನ್ನು ಮನೆಯಲ್ಲಿ ಸಾಕಿಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ ಮರಿಯನ್ನಿಟ್ಟು, ಬಾಯಿಗೆ ನೀರು ಸುರಿಯದೆ, ಅರಣ್ಯ ಇಲಾಖೆಯವರಿಗೆ ಅದೇ ದಿನ ತಲುಪಿಸಿ. ಹಾಗೆ ಒಪ್ಪಿಸಿದ ಮರಿಗಳ ಲೆಕ್ಕವನ್ನೂ ದಿನಾಂಕದೊಡನೆ ಬರೆದಿಡಿ, ಮುಂದಿನ ವರ್ಷದ ಮನವಿಗೆ ಅದು ಬೇಕಾಗುತ್ತದೆ.