ನನ್ನ ಹೆಸರು ಆ್ಯನ್ ಅಲ್ಲ!

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು ಜುಲೈ 1ರಿಂದ ರೋಟರಿ ಕ್ಲಬ್ ಅಧ್ಯಕ್ಷರು. ಪದಗ್ರಹಣದ ಇನ್ವಿಟೇಶನ್‌ನಲ್ಲಿ ನನ್ನ ಹೆಸರಿನ ಮುಂದೆ ‘ಆ್ಯನ್’ ಅಂತ ಅಚ್ಚು ಹಾಕಿಸಿದ್ದಾರೆ. ಮಗಳು ‘ಆ್ಯನೆಟ್’ ಅಂತೆ. ಏನಿದು? ಜೊತೆಗೆ ಒಂದು ಗಂಟೆ, ಮರದ ಸುತ್ತಿಗೆ, ಕೊರಳಿಗೆ ಹಾಕುವ ಕಾಲರ್ ಮನೆಗೆ ಬಂದಿವೆ. ಇವನ್ನೆಲ್ಲಾ ಹೇಗೆ ನೋಡಿಕೊಳ್ಳಲಿ?
– ಓದುಗರು, ತಿಪಟೂರು

ಉತ್ತರ: ನಾನೂ ಒಂದು ವರ್ಷ ಆ್ಯನ್ ಆಗಿದ್ದವಳೇ, ತಂಗಿ. ಯಾಕೆ ಅಂತ ಕೇಳಿದರೆ ‘ಹಾಗೇ ಕರೆಯೋದು’ ಅಂದರು. ಆಮೇಲೆ ಗೊತ್ತಾಯಿತು, ಆ್ಯನ್ ನಿಜವಾಗಿಯೂ ಇದ್ದ ಹೆಂಗಸು!

1914ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದ ರೋಟರಿ ಸಮ್ಮೇಳನಕ್ಕೆ ಅಂತ ಸ್ಯಾನ್ ಫ್ರಾನ್ಸಿಸ್ಕೋ ಕ್ಲಬ್‌ನವರು ವಿಶೇಷ ರೈಲು ಹೊರಡಿಸಿದರು. ಬ್ರುನಿಯರ್ ಎಂಬ ಸದಸ್ಯ ಹೆಂಡತಿ ಆ್ಯನ್‌ಳನ್ನೂ ಕರೆದುಕೊಂಡು ಹತ್ತಿದ್ದ. ಅಷ್ಟು ಗಂಡಸರ ನಡುವೆ ಈಕೆ ಒಬ್ಬಳೇ. ದಾರಿಯಲ್ಲಿ ಹತ್ತಿದವರಿಗೆಲ್ಲಾ ‘ಇವಳು ರೋಟರಿಯ ಆ್ಯನ್’ ಅಂತ ಪರಿಚಯ ಮಾಡಿಸುತ್ತಾ ಹೋದರು. ಹ್ಯೂಸ್ಟನ್‌ನಲ್ಲಿ ನೋಡಿದರೆ ಫಿಲಡೆಲ್ಫಿಯಾದ ಗುಂಡೇಕರ್ ಎಂಬುವರ ಹೆಂಡತಿಯೂ ಆ್ಯನ್! ಸರಿ, ಅಂದಿನಿಂದ ರೋಟರಿಯವರ ಹೆಂಡಂದಿರೆಲ್ಲಾ ಆ್ಯನ್‌ಗಳೇ. ಅಮೆರಿಕದ ರೈಲಿನ ತಮಾಷೆ ತಿಪಟೂರಿನ ಇನ್ವಿಟೇಶನ್‌ಗೆ ಬಂದು ಕೂತಿದೆ, ನೋಡಿ.

ನನಗಂತೂ ಇಷ್ಟವಿಲ್ಲ. 1989ರಿಂದ ಹೆಂಗಸರೂ ಸದಸ್ಯರಾಗಬಹುದು. ‘ಹಾಗಾದರೆ ಅಧ್ಯಕ್ಷೆಯ ಗಂಡನನ್ನು ಏನಂತ ಕರೀತೀರಿ?’ ಅಂತ ಒಮ್ಮೆ ಕೇಳಿದ್ದೆ. ಎಲ್ಲರೂ ಕಾಫಿ ಕಡೆ ಹೋದರು. ನಿಮ್ಮ ಹೆಸರು ಮಾತ್ರ ಹಾಕಿ ಅಂತ ಹೇಳಿ. ಯಾರೂ ಬೇಡ ಅನ್ನುವುದಿಲ್ಲ.

ಇನ್ನು ಗಂಟೆ. ಅಧ್ಯಕ್ಷರು ಸುತ್ತಿಗೆಯಿಂದ ಹೊಡೆದರೆ ಸಭೆ ಶುರು, ಮತ್ತೆ ಹೊಡೆದರೆ ಮುಗಿಯಿತು. ಅಟ್ಟದ ಮೇಲೆ ಮಾತ್ರ ಇಡಬೇಡಿ. ನಾನು ಇಟ್ಟು ಮರೆತು, ಪದಗ್ರಹಣದ ದಿನ ಕಾರ್ಯದರ್ಶಿ ಹೋಟೆಲಿನ ಸ್ಟೀಲ್ ಜಗ್‌ಗೆ ಸೌಟಿನಿಂದ ಹೊಡೆದು ಸಭೆ ಶುರು ಮಾಡಿಸಿದ್ದರು.

ಕಾಲರಿನ ಪದಕದಲ್ಲಿರುವ ಚಕ್ರ ನೋಡಿ. 24 ಹಲ್ಲು, 6 ಕಡ್ಡಿ, ನಡುವಿನ ತೂತಿನಲ್ಲಿ ಒಂದು ಕಚ್ಚು. ಅದು ಒಡೆದದ್ದಲ್ಲ, ಅಂಟು ಹಾಕಿ ಮುಚ್ಚಬೇಡಿ! 1905ರಲ್ಲಿ ಶಿಕಾಗೋದಲ್ಲಿ ಕ್ಲಬ್ ಶುರುವಾದಾಗ ಲಾಂಛನ ಬರೀ ಗಾಡಿಚಕ್ರ. ಆಮೇಲೆ ಅದು ಯಂತ್ರದ ಹಲ್ಲುಚಕ್ರವಾಯಿತು. ಕಚ್ಚಿಲ್ಲದಿದ್ದರೆ ಅಂಥ ಚಕ್ರ ನಡುವಿನ ಅಚ್ಚುಕಂಬಿಯ ಮೇಲೆ ಸುಮ್ನೆ ಜಾರುತ್ತದೆ, ಕೆಲಸ ಮಾಡುವುದಿಲ್ಲ ಅಂತ ಎಂಜಿನಿಯರ್‌ಗಳು ತಕರಾರು ತೆಗೆದ ಮೇಲೆ ಸೇರಿಸಿದ್ದು ಅದು.

ಕಾಲರಿನ ಪಟ್ಟಿಯ ಉದ್ದಕ್ಕೂ ಹಿಂದಿನ ಅಧ್ಯಕ್ಷರ ಹೆಸರಿನ ಬಿಲ್ಲೆಗಳಿರುತ್ತವೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಾನು ದೇವರ ಸಾಮಾನಿನ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಎರಡು ಬಿಲ್ಲೆಯ ಹೊಳಪೇ ಹೋಯಿತು. ಅದರಲ್ಲಿ ಒಬ್ಬರು ಆ ಸಲದ ಮುಖ್ಯ ಅತಿಥಿ. ವೇದಿಕೆಯಲ್ಲಿ ಕನ್ನಡಕ ಏರಿಸಿ ತಮ್ಮ ಹೆಸರು ಹುಡುಕುತ್ತಿದ್ದರು, ಪಾಪ.